ಹನ್ನೊಂದೂವರೆ ಉಸಿರು

ಬೋಳಾರದ ಟೈಲರ್ ಸಿಪ್ರಿಯನ್ ಪಿಂಟೊ ಅವರ ಮನೆಯ ಒಣಪೆಟ್ಟಿಗೆ ಆ ಬೇಸಗೆಯಲ್ಲಿ ಮೂರನೆಯ ಸಲ ಕೈಕೊಟ್ಟಾಗ ರಿಪೇರಿಗೆ ಬಂದ ವಾರಿಜಾ ಕರ್ಕೇರಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲ ಹುಟ್ಟಿತು. ಒಬ್ಬನೇ ಮನುಷ್ಯ, ಒಂದೇ ಕೋಣೆ, ಎರಡು ಹೊಲಿಗೆ ಮಿಷಿನು. ಇಷ್ಟಕ್ಕೆ ಹೀಟರು ಸುಟ್ಟುಹೋಗುವುದೆಂದರೆ ಏನು?

ಆ ಕಾಲಕ್ಕೆ ಮಂಗಳೂರಿನ ಸೆಕೆ ಬರೀ ಸೆಕೆಯಾಗಿ ಉಳಿದಿರಲಿಲ್ಲ. ಸಮುದ್ರವೇ ಬೆಚ್ಚಗಾಗಿ, ಏಪ್ರಿಲಿನಿಂದ ಮಳೆ ಹಿಡಿಯುವವರೆಗೆ ಗಾಳಿ ಹಿಂಡದ ಒದ್ದೆ ಬಟ್ಟೆಯ ಹಾಗೆ ಊರ ಮೇಲೆ ಬಿದ್ದುಕೊಳ್ಳುತ್ತಿತ್ತು. ಮೈ ತಣಿಯಬೇಕಾದರೆ ಬೆವರು ಆರಬೇಕು. ಗಾಳಿಯಲ್ಲಿ ಆಗಲೇ ನೀರು ತುಂಬಿಕೊಂಡಿದ್ದರೆ ಬೆವರು ಆರುವುದಾದರೂ ಹೇಗೆ? ಅಂಥ ದಿನ ನೆರಳಿನಲ್ಲಿ ಸುಮ್ಮನೆ ಕುಳಿತ ಗಟ್ಟಿಮುಟ್ಟಾದ ಮನುಷ್ಯನೂ ಸಂಜೆಯೊಳಗೆ ಕಣ್ಣು ಮುಚ್ಚಬಹುದಿತ್ತು. ಬಂದರಿನ ಸೈರನ್ ಕೂಗಿತೆಂದರೆ ಅದು ಮುಚ್ಚುದಿನ. ಎಲ್ಲರೂ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕು, ಒಣಪೆಟ್ಟಿಗೆ ಓಡುತ್ತಿರಬೇಕು.

ತೇವ ಮಂಡಳಿಯವರು ಮನೆಗೊಂದರಂತೆ ಕೊಟ್ಟ ಡಿಹ್ಯೂಮಿಡಿಫೈಯರಿಗೆ ಜನ ಇಟ್ಟ ಹೆಸರು ಒಣಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಜೇನುಹುಟ್ಟಿನಂತೆ ಕಣ್ಣುಕಣ್ಣಾದ ಎರಡು ಹರಳಿನ ತಟ್ಟೆಗಳಿರುತ್ತಿದ್ದವು. ಒಂದು ತಟ್ಟೆ ಕೋಣೆಯ ಗಾಳಿಯಿಂದ ನೀರು ಹೀರುವಾಗ ಹೀಟರು ಇನ್ನೊಂದನ್ನು ಕಾಯಿಸಿ ಒಣಗಿಸುತ್ತಿತ್ತು. ಬಿಡುಗಡೆಯಾದ ಆವಿ ನೀರಾಗಿ ಕೊಳವೆಯಲ್ಲಿ ಇಳಿಯುತ್ತಿತ್ತು, ಬಿಸಿ ಗೋಡೆಯಾಚೆ ಹೋಗುತ್ತಿತ್ತು. ಆಮೇಲೆ ತಟ್ಟೆಗಳು ಪಾಳಿ ಬದಲಿಸುತ್ತಿದ್ದವು. ಕೋಣೆ ಬಿಸಿಯಾಗಿಯೇ ಇರುತ್ತಿತ್ತು, ಆದರೆ ಬೆವರು ಆರುತ್ತಿತ್ತು. ಬದುಕಲು ಅಷ್ಟು ಸಾಕು.

ಈ ಪೆಟ್ಟಿಗೆಗಳನ್ನು ರಿಪೇರಿ ಮಾಡುವುದೇ ವಾರಿಜಳ ಕೆಲಸ. ಫ್ಯಾನಿಗೆ ಸಿಕ್ಕಿದ ಹಲ್ಲಿ, ಸರ್ಕ್ಯೂಟ್ ಬೋರ್ಡಿನಲ್ಲಿ ಸಂಸಾರ ಹೂಡಿದ ಇರುವೆ, ಕೊಳವೆಯಲ್ಲಿ ಕಟ್ಟಿದ ಪಾಚಿ ಎಲ್ಲ ಅವಳಿಗೆ ಅಭ್ಯಾಸವಾಗಿತ್ತು. ಫಿಲ್ಟರ್ ಬಿಚ್ಚಿದರೆ ಮನೆಯ ಕಥೆ ಗೊತ್ತಾಗುತ್ತಿತ್ತು. ಕೊಡಿಯಾಲಬೈಲಿನ ಒಂದು ಮನೆಯಲ್ಲಿ ಪೆಟ್ಟಿಗೆಯ ನೆತ್ತಿಯ ಮೇಲೆ ಉದ್ದಿನ ಹಪ್ಪಳ ಒಣಹಾಕಿ, "ಎಂತ ಗೊತ್ತಿಲ್ಲ ಮಾರಾಯ್ತಿ, ಹಿಟ್ಟು ಎಲ್ಲಿಂದ ಬಂತೋ" ಎನ್ನುತ್ತಿದ್ದರು. ಉರ್ವದ ಇನ್ನೊಂದು ಮನೆಯವರು ಒಳಗೇ ಬಂಗುಡೆ ನೇತುಹಾಕಿ ಸಿಕ್ಕಿಬಿದ್ದಿದ್ದರು. ವಾರಿಜ ಬೈಯುತ್ತಿದ್ದಳು. ಬೈದು ಮುಗಿದ ಮೇಲೆ ಅವರು ಕೊಟ್ಟ ಹಪ್ಪಳ ಕಟ್ಟಿಸಿಕೊಂಡು ಬರುತ್ತಿದ್ದಳು.

ಟೈಲರ ಮನೆಯ ಫಿಲ್ಟರಿನಲ್ಲಿ ಮೊದಲೆರಡು ಸಲ ಬರೀ ಬಟ್ಟೆಯ ಎಳೆಗಳಿದ್ದವು. ಈ ಸಲ ಎಳೆಗಳ ನಡುವೆ ಮೀನಿನ ಹುರುಪೆ ಹೊಳೆಯಿತು, ಬೆರಳಿಗೆ ರಸ್ತೆಯ ಕೆಂಪು ಧೂಳು ಅಂಟಿತು. ಅವಳು ಹೀಟರು ಬದಲಿಸಿ ಹೋದಳು. ಮರುದಿನ ಸೈರನ್ ಕೂಗಿದ ಮೇಲೆ, ಮಧ್ಯಾಹ್ನ, ಹೇಳದೆ ಕೇಳದೆ ಬಂದು ಬಾಗಿಲು ತಟ್ಟಿದಳು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಗೊರಗಿ, ಕಟಿಂಗ್ ಮೇಜಿನ ಅಡಿಯಲ್ಲಿ, ಬಟ್ಟೆಯ ಗಂಟಿನ ಮೇಲೆ ಜನ. ಮನೆಮನೆಗೆ ಸಾಮಾನು ತಲುಪಿಸುವ ಹುಡುಗರು, ರಸ್ತೆ ಗುಡಿಸುವ ಇಬ್ಬರು ಹೆಂಗಸರು, ಕೇಬಲ್ ಹೊಂಡ ತೋಡುವವರು, ತಲೆಯ ಸಿಂಬಿ ತೆಗೆಯದೆಯೇ ಕುಳಿತ ಮೀನು ಮಾರುವ ಕಲ್ಯಾಣಿ.

ಸಿಪ್ರಿಯನ್ ಹಲ್ಲಿನ ನಡುವೆ ಕಚ್ಚಿದ್ದ ಗುಂಡುಪಿನ್ನು ತೆಗೆದು, "ಬಾಗಿಲು ಹಾಕಿ ವಾರಿಜಾ, ತೇವ ಬರ್ತದೆ" ಎಂದರು.

"ಪೊರ್ಬುಗಳೇ, ಇದೆಂತದು?" ಊರವರು ಅವರನ್ನು ಕರೆಯುವಂತೆಯೇ ಕರೆದು ವಾರಿಜ ಕೇಳಿದಳು.

"ಎಂತದು ಅಂದ್ರೆ? ಜನ."

"ಈ ಪೆಟ್ಟಿಗೆ ಒಬ್ಬರಿಗೆ ಕೊಟ್ಟದ್ದು. ತಟ್ಟೆ ಒಣಗುವ ಮೊದಲೇ ಪುನಃ ತುಂಬ್ತದೆ. ಹೀಟರು ಸುಡದೆ ಮತ್ತೆಂತ ಮಾಡ್ತದೆ?"

ಕಲ್ಯಾಣಿ ನಡುವೆ ಬಾಯಿ ಹಾಕಿದಳು. "ನಾವು ಮುಚ್ಚುದಿನ ಕೂರುವ ಮಾರ್ಕೆಟಿನ ತಂಪುಕೋಣೆ ಮುಚ್ಚಿದ್ದಾರೆ ಮಗಾ, ರಿಪೇರಿಯಂತೆ. ನನ್ನ ಮನೆ ಹೊಳೆಯಾಚೆ, ಬೆಂಗ್ರೆಯಲ್ಲಿ. ಸೈರನ್ ಆದ ಮೇಲೆ ದೋಣಿ ಬಿಡುದಿಲ್ಲ. ನಾನೆಲ್ಲಿಗೆ ಹೋಗ್ಲಿ? ಇವರು ಕರೆದ್ರು, ಬಂದೆ."

"ನಾನು ಕರೆದದ್ದು ಇವಳೊಬ್ಬಳನ್ನು" ಎಂದು ಸಿಪ್ರಿಯನ್ ನಕ್ಕರು. "ಇವಳು ಊರಿಗೆಲ್ಲ ಹೇಳಿ ಬಂದ್ಲು. ಈಗ ಇವರು ಬಾರದ ದಿನ ನನಗೆ ಸೂಜಿಗೆ ನೂಲು ಪೋಣಿಸ್ಲಿಕ್ಕೂ ಮನಸ್ಸು ಬರುದಿಲ್ಲ."

ನಿಯಮ ವಾರಿಜಳಿಗೆ ಗೊತ್ತಿತ್ತು. ಹೆಸರು ಕೊಟ್ಟದ್ದಕ್ಕಿಂತ ಹೆಚ್ಚು ಜನ ಪೆಟ್ಟಿಗೆ ಬಳಸಿದರೆ ಮೊದಲು ನೋಟಿಸು, ಆಮೇಲೆ ಪೆಟ್ಟಿಗೆಯನ್ನೇ ಒಯ್ಯುವುದು. ಅವಳ ಕಿವಿಯ ಇಯರ್‌ಫೋನಿನಲ್ಲಿ ಕದ್ರಿ ಗುಡ್ಡದ ಕಂಟ್ರೋಲ್ ರೂಮಿನ ಝೀನತ್ ಕೇಳುತ್ತಿದ್ದಳು. "ವಾರಿಜಕ್ಕ, ಟೈಲರ್ ಮನೆಯಲ್ಲಿ ಎಂತ ತೊಂದರೆ? ಎಂತ ಹಾಕ್ಲಿ?"

ವಾರಿಜ ಸುತ್ತ ನೋಡಿದಳು. ಎಲ್ಲರೂ ಉಸಿರು ಬಿಗಿಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಬಾಗಿಲಿನ ರಬ್ಬರ್ ಹೋಗಿದೆ. ಸೋರಿಕೆ ಅಂತ ಹಾಕು" ಎಂದಳು.

ಆಮೇಲೂ ಎರಡು ಸಲ ಆ ಪೆಟ್ಟಿಗೆ ಕೆಟ್ಟಿತು. ಎರಡು ಸಲವೂ ಅವಳು ಸೋರಿಕೆಯೆಂದೇ ಹೇಳಿದಳು. ಸರಿಯಾಗಿಯೇ ಇದ್ದ ರಬ್ಬರನ್ನು ಕಿತ್ತು ಹೊಸದು ಹಾಕಿ ಬಂದಳು.

ಸುಟ್ಟ ಬೋರ್ಡುಗಳನ್ನು ಒಪ್ಪಿಸಲು ವಾರಿಜ ಆಗಾಗ ಕದ್ರಿ ಗುಡ್ಡ ಹತ್ತುತ್ತಿದ್ದಳು. ಕಂಟ್ರೋಲ್ ರೂಮಿನ ಗೋಡೆಯ ತುಂಬ ಊರಿನ ನಕ್ಷೆ, ಮನೆಗೊಂದು ಚುಕ್ಕೆ. ಉಳ್ಳಾಲದ ಹುಡುಗಿ ಝೀನತ್ ಅದರೆದುರು ಬುತ್ತಿ ಬಿಚ್ಚಿ ಕುಳಿತಿರುತ್ತಿದ್ದಳು. ಮುಚ್ಚುದಿನಗಳಲ್ಲೆಲ್ಲ ಅವಳ ಪಾಳಿ ಇಲ್ಲೇ ಆದ್ದರಿಂದ ಆ ಚುಕ್ಕೆಗಳ ಒಂದು ಮನೆಯನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ಆದರೂ ಅವು ಅವಳಿಗೆ ನೆಂಟರ ಹಾಗೆ.

"ಇಲ್ಲಿ ನೋಡಿ ಅಕ್ಕ" ಎಂದು ಆ ದಿನ ಅವಳು ಒಂದು ಚುಕ್ಕೆ ಮುಟ್ಟಿದಳು. ಪರದೆಯ ಮೇಲೆ ಗೆರೆಯೊಂದು ಮೂಡಿತು. "ಒಬ್ಬ ಮನುಷ್ಯ ಉಸಿರಾಡಿದ್ರೆ, ಬೆವರಿದ್ರೆ ಇಂತಿಷ್ಟು ನೀರು ಗಾಳಿಗೆ ಸೇರ್ತದೆ. ಪೆಟ್ಟಿಗೆ ಅದನ್ನು ಹೀರಿ ನಮಗೆ ಲೆಕ್ಕ ಕೊಡ್ತದೆ. ಈ ಮನೆಯಲ್ಲಿ ಇಬ್ರು. ನಿನ್ನೆಯಿಂದ ಮೂರು ಜನರ ಉಸಿರು. ಮಗಳು ಹೆರಿಗೆಗೆ ಬಂದಿರಬೇಕು."

"ಅಬ್ಬಾ! ಅದೂ ಗೊತ್ತಾಗ್ತದಾ?"

"ಅದು ನನ್ನ ಊಹೆ." ಝೀನತ್ ನಕ್ಕಳು. "ಆದ್ರೆ ಯಂತ್ರಕ್ಕೆ ಒಂದು ಕಷ್ಟ ಉಂಟು. ಹೊರಗಿಂದ ನುಗ್ಗಿದ ತೇವ ಯಾವುದು, ಉಸಿರಿನ ತೇವ ಯಾವುದು ಅಂತ ಅದಕ್ಕೆ ತಿಳಿಯುದಿಲ್ಲ. ಅಲ್ಲಿ ನೀವು ಹೇಳಿದ್ದನ್ನೇ ಅದು ನಂಬುದು. ನಿಮ್ಮ ಟೈಲರ್ ಮನೆ ನೋಡಿ, ಸೋರಿಕೆ ಅಂತ ನೀವು ಹೇಳದಿದ್ರೆ ಹತ್ತು ಜನ ಸೇರಿ ಪಾರ್ಟಿ ಮಾಡ್ತಿದ್ದಾರೆ ಅಂತ ತಿಳೀತಿದ್ದೆ ನಾನು!"

ವಾರಿಜಳಿಗೆ ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಝೀನತ್ ಮೇಲಿನವರಿಗೆ ತಿಳಿಸಬೇಕು, ಇಲ್ಲವೇ ತನ್ನ ಹಾಗೆ ಅವಳೂ ಸುಳ್ಳಿನಲ್ಲಿ ಪಾಲು ಹೊರಬೇಕು. ಹುಡುಗಿಯ ತಲೆಗೆ ಇದನ್ನೇಕೆ ಕಟ್ಟುವುದೆಂದು ವಾರಿಜ ಮಾತು ಬದಲಿಸಿದಳು. ಝೀನತ್ ಬುತ್ತಿಯಿಂದ ಕೊಟ್ಟ ನೀರುದೋಸೆ ತಿಂದು ಇಳಿದು ಬಂದಳು.

ಸಂಜೆ ಗಂಡ ಭುಜಂಗನಿಗೆ ಎಲ್ಲವನ್ನೂ ಹೇಳಿದಳು. ಭುಜಂಗ ಮೀನಿನ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವನು. ಬೆಳಗಾದರೆ ಮತ್ತೆ ಕಡಲಿಗೆ ಹೊರಡುವವನಿದ್ದ. ಅವರ ಮನೆಯ ಪೆಟ್ಟಿಗೆ ಮೂಲೆಯಲ್ಲಿ ಗುರುಗುಡುತ್ತಿತ್ತು.

"ಊರಿನ ಪೆಟ್ಟಿಗೆಯೆಲ್ಲ ಸರಿ ಮಾಡ್ತಿ, ನಮ್ಮದು ಮಾತ್ರ ಮುದಿ ಬೆಕ್ಕಿನ ಹಾಗೆ ಗೊರಕೆ ಹೊಡೀತದೆ" ಎಂದ ಭುಜಂಗ, ಗಂಜಿಗೆ ಉಪ್ಪಿನಕಾಯಿ ಹಾಕಿಕೊಳ್ಳುತ್ತ. ಒಂದು ಗುಟುಕು ಗಂಜಿ ಕುಡಿದು ಹೇಳಿದ, "ಆ ಹುಡುಗಿಗೆ ಹೇಳು. ದಿನಾ ನಿನ್ನ ಕಿವಿಯಲ್ಲೇ ಇರ್ತಾಳೆ, ಅವಳಿಗೆ ಸುಳ್ಳು ಹೇಳುದು ಚೆಂದ ಅಲ್ಲ."

"ಮಳೆ ಬರ್ಲಿ. ಮಾರ್ಕೆಟಿನ ತಂಪುಕೋಣೆ ತೆರೆದ ಮೇಲೆ ಹೇಳ್ತೇನೆ" ಎಂದಳು ವಾರಿಜ.

ಮಳೆಗೆ ಮೊದಲು ಬಂದದ್ದು ಜೆಲ್ಲಿ ಮೀನು.

ಮೇ ತಿಂಗಳ ಕೊನೆಯ ಆ ದಿನ ಬೆಳಿಗ್ಗೆಯೇ ಸೈರನ್ ಕೂಗಿತ್ತು. ಬಿಸಿನೀರಿನಲ್ಲಿ ಲೆಕ್ಕವಿಲ್ಲದಷ್ಟು ಹೆಚ್ಚಿಕೊಂಡ ಜೆಲ್ಲಿ ಮೀನುಗಳು ಕರಾವಳಿಯ ವಿದ್ಯುತ್ ಸ್ಥಾವರ ಸಮುದ್ರದ ನೀರು ಎಳೆದುಕೊಳ್ಳುವ ಬಾಯಿಗೆ ಬಂದು ಮೆತ್ತಿಕೊಂಡವು. ತಣಿಸುವ ನೀರಿಲ್ಲದೆ ಸ್ಥಾವರ ನಿಂತಿತು. ಊರಿಗೆ ಬರುವ ಕರೆಂಟು ಅರ್ಧಕ್ಕಿಳಿಯಿತು.

ವಾರಿಜ ಜೆಪ್ಪುವಿನ ಒಂದು ಮನೆಯಲ್ಲಿ ಫ್ಯಾನು ಬಿಚ್ಚಿ ಕುಳಿತಿದ್ದಳು. ಕಿವಿಯಲ್ಲಿ ಝೀನತ್ ಎಲ್ಲ ಮೆಕ್ಯಾನಿಕರಿಗೂ ಒಟ್ಟಿಗೆ ಸುದ್ದಿ ಹೇಳುತ್ತಿದ್ದಳು. "ಖಾಲಿ ಮನೆಗಳ ಪೆಟ್ಟಿಗೆ ಈಗಾಗ್ಲೇ ಬಂದ್ ಆಗಿದೆ. ಹನ್ನೆರಡೂವರೆಗೆ ಸೋರಿಕೆ ಇರುವ ಮನೆಗಳದ್ದು ಬಂದ್ ಆಗ್ತದೆ. ಅಲ್ಲಿಯವರು ಪಕ್ಕದ ಮನೆಗೆ ಹೋಗ್ಬೇಕು, ಫೋನು ಹೋಗಿದೆ. ಸೋರುವ ಮನೆ ಒಣಗಿಸಿ ಪ್ರಯೋಜನ ಇಲ್ಲ."

ವಾರಿಜ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಝೀನತ್, ಟೈಲರ್ ಮನೆ ಅದರಲ್ಲಿ ಉಂಟಾ?"

"ಬೋಳಾರದ್ದಾ? ಉಂಟು. ಒಬ್ರೇ ಅಲ್ವಾ ಅಕ್ಕ, ಪಕ್ಕದವರು ಕರ್ಕೊಳ್ತಾರೆ."

"ಒಬ್ರಲ್ಲ ಮಾರಾಯ್ತಿ. ಹತ್ತು ಜನ. ದಿನಾ ಹತ್ತು ಜನ. ರಬ್ಬರ್ ಸರಿ ಉಂಟು. ನಾನು ಸುಳ್ಳು ಹೇಳಿದ್ದು."

ಝೀನತ್ ಸಣ್ಣ ದನಿಯಲ್ಲಿ ಹೇಳಿದಳು, "ನನ್ನ ಹತ್ರವಾದ್ರೂ ಹೇಳ್ಬಹುದಿತ್ತು, ಅಕ್ಕ."

"ತಪ್ಪಾಯ್ತು. ಈಗ ಅದನ್ನು ತೆಗಿ. ಜನ ಇದ್ದಾರೆ ಅಂತ ಹಾಕು."

"ಆಗುದಿಲ್ಲ. ಕಡಿತ ಶುರುವಾದ ಕೂಡ್ಲೇ ಪಟ್ಟಿಗೆ ಬೀಗ ಬೀಳ್ತದೆ. ಮೊದ್ಲು ಹಾಗಿರ್ಲಿಲ್ಲ. ದೊಡ್ಡ ಮನುಷ್ಯರೆಲ್ಲ ಫೋನು ಮಾಡಿ ತಮ್ಮ ಮನೆ ಉಳಿಸಿಕೊಳ್ತಿದ್ರು, ಬಡವರ ಮನೆ ಹೋಗ್ತಿತ್ತು. ಅದಕ್ಕೇ ಈಗ ಯಾರ ಮಾತೂ ನಡೆಯುದಿಲ್ಲ. ನಿಮ್ಮದೂ ಇಲ್ಲ, ನನ್ನದೂ ಇಲ್ಲ, ಮಂಡಳಿಯ ಹೆಗ್ಡೆ ಮೇಡಮಿನದ್ದೂ ಇಲ್ಲ."

"ನನ್ನ ಮನೆಯ ಕರೆಂಟಿನ ಪಾಲು ಅವರಿಗೆ ಕೊಡ್ಲಿಕ್ಕೆ ಬರ್ತದಲ್ಲ? ಬೀಗ ಬಿದ್ದ ಮೇಲೂ ಬೇಕಾದವರಿಗೆ ಬಿಟ್ಟುಕೊಡಬಹುದು ಅಂತ ಉಂಟು."

"ಭುಜಂಗಣ್ಣ ಕಡಲಲ್ಲಿ. ನೀವು ಹೊರಗೆ. ನಿಮ್ಮ ಮನೆ ಖಾಲಿ ಅಂತ ಮೊದಲ ಸುತ್ತಿನಲ್ಲೇ ಹೋಯ್ತು."

ಪಕ್ಕದ ಮನೆಗಳು? ಎರಡೋ ಮೂರೋ ಜನರನ್ನು ಸೇರಿಸಿಕೊಂಡಾರು. ಉಳಿದವರು? ವಾರಿಜ ಅಷ್ಟರಲ್ಲಿ ಮುಚ್ಚುದಿನ ಮೆಕ್ಯಾನಿಕರು ತೊಡುವ ಮಂಜಿನ ಗಡ್ಡೆಗಳ ಅಂಗಿ ತೊಟ್ಟು ವ್ಯಾನಿಗೆ ಓಡಿಯಾಗಿತ್ತು. ಹೊರಗಿನ ಗಾಳಿ ಮುಖಕ್ಕೆ ಬೆಂದ ಕಂಬಳಿಯಂತೆ ಬಡಿಯಿತು. ಮಾರ್ನಮಿಕಟ್ಟೆಯ ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

"ಅಕ್ಕ, ನಿಲ್ಲಿ" ಎಂದಳು ಝೀನತ್. ಅವಳ ದನಿ ಬದಲಾಗಿತ್ತು. "ಮನುಷ್ಯರ ಮಾತು ನಡೆಯುದಿಲ್ಲ. ಆದ್ರೆ ಪೆಟ್ಟಿಗೆಯ ಮಾತು ನಡೀತದೆ. ಸೋರಿಕೆಯ ತೇವ ಒಂದೇ ಸಮನೆ ಬರ್ತದೆ, ಗೋಡೆಯ ಹಾಗೆ. ಜನರ ತೇವ ಹಾಗಲ್ಲ. ಕೆಲಸ ಮಾಡಿದ್ರೆ ಹೆಚ್ಚು, ಸುಮ್ಮನೆ ಕೂತ್ರೆ ಕಮ್ಮಿ. ನಾನು ಹೇಳಿದಾಗ ಎಲ್ಲರೂ ಜೋರಾಗಿ ಕುಣಿದು, ನಾನು ಹೇಳಿದಾಗ ಎಲ್ಲರೂ ಅಲ್ಲಾಡದೆ ಕೂತ್ರೆ ಗೆರೆ ಏರಿ ಇಳೀತದೆ. ಎರಡು ಸಲ ಹಾಗಾದ್ರೆ ಯಂತ್ರ ತಾನಾಗಿಯೇ ಸೋರಿಕೆಯನ್ನು ಅಳಿಸಿ ಜನ ಅಂತ ಬರ್ಕೊಳ್ತದೆ. ಅದಕ್ಕೆ ಹಾಗೇ ಕಲಿಸಿದ್ದು."

"ಸೆನ್ಸರು ಎರಡು ತಟ್ಟೆಗಳ ಹಿಂದೆ ಉಂಟಲ್ಲ. ಅದಕ್ಕೆ ತಿಳಿಯುವಾಗ ಗಂಟೆ ಕಳೆದಿರ್ತದೆ."

"ಅದಕ್ಕೇ ನೀವು ಬೇಕು. ಅದನ್ನು ಹೊರಗೆ ಎಳೆದು ಕೋಣೆಯ ನಡುವೆ ತೂಗುಹಾಕ್ಲಿಕ್ಕೆ ಆಗ್ತದಾ?"

"ತಂತಿ ಸೇರಿಸಿದ್ರೆ ಆಗ್ತದೆ" ಎಂದು ವಾರಿಜ ವ್ಯಾನನ್ನು ಬೋಳಾರದ ಕಡೆಗೆ ತಿರುಗಿಸಿದಳು.

ಟೈಲರ ಮನೆಯ ಪೆಟ್ಟಿಗೆ ಇನ್ನೂ ಓಡುತ್ತಿತ್ತು, ಆದರೆ ಅದರ ಮೇಲೆ ಕೆಂಪು ದೀಪ ಮಿಟುಕುತ್ತಿತ್ತು. ಸಿಪ್ರಿಯನ್ ಬಾಗಿಲಲ್ಲೇ ಸಿಕ್ಕರು. "ಫೋನು ಬಂತು. ಪಕ್ಕದ ಮನೆಗೆ ಹೋಗಿ ಅಂದ್ರು. ಇವರನ್ನೆಲ್ಲ ಬಿಟ್ಟು ನಾನು ಹೇಗೆ ಹೋಗುದು?"

ವಾರಿಜ ನೇರ ಹೋಗಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ತಟ್ಟೆಗಳ ಹಿಂದೆ ಕೈ ತೂರಿಸಿ ಬೆರಳಿನ ಉಗುರಿನಷ್ಟಿದ್ದ ಸೆನ್ಸರನ್ನು ಎಳೆದಳು. ಹೊಲಿಗೆ ಮಿಷಿನಿನ ದೀಪದ ತಂತಿ ಕತ್ತರಿಸಿ ಅದಕ್ಕೆ ಬೆಸೆದು, ಅಂಗಿ ನೇತುಹಾಕುವ ಹ್ಯಾಂಗರಿಗೆ ಕಟ್ಟಿ ಕೋಣೆಯ ನಡುವೆ ತೂಗಿಬಿಟ್ಟಳು. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿ ವಿಷಯ ಹೇಳಿತು. ಕೇಬಲ್ ಹೊಂಡದವರು ಒಬ್ಬರ ಮುಖ ಒಬ್ಬರು ನೋಡಿದರು.

"ಕುಣೀಬೇಕಾ? ಈ ಸೆಕೆಯಲ್ಲಾ?" ಎಂದಳು ಕಸ ಗುಡಿಸುವ ಹೆಂಗಸು.

"ಕುಣಿಯದಿದ್ರೆ ಯಂತ್ರಕ್ಕೆ ನಾವು ಇಲ್ಲ" ಎಂದಳು ವಾರಿಜ. "ಕಲ್ಯಾಣಕ್ಕ, ನೀವು ಮಾತ್ರ ಕೂತಿರಿ."

"ಯಾಕೆ, ನಾನು ಇಲ್ವಾ?" ಎಂದು ಕಲ್ಯಾಣಿ ಸಿಂಬಿ ತೆಗೆದು ಎದ್ದು ನಿಂತಳು.

ಫೋನಿನ ಸ್ಪೀಕರಿನಲ್ಲಿ ಝೀನತಳ ದನಿ ಬಂತು. "ಈಗ ಶುರು ಮಾಡಿ!"

ಒಂದು ಕ್ಷಣ ಯಾರೂ ಅಲ್ಲಾಡಲಿಲ್ಲ, ಎಲ್ಲರಿಗೂ ನಾಚಿಕೆ. ಆಗ ಸಿಪ್ರಿಯನ್ ಕುತ್ತಿಗೆಯ ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಒಂದು ಕಾಲದಲ್ಲಿ ಮದುವೆಯ ಹಿಂದಿನ ದಿನದ ರೋಸಿಗೆ ಅವರನ್ನು ಬಾಯ್ಲಾ ಎಂಬ ಕುಣಿತದ ಹಾಡು ಹಾಡಲೆಂದೇ ಕರೆಯುತ್ತಿದ್ದರು. ಗಂಟಲು ಸರಿಮಾಡಿಕೊಂಡು ಕೊಂಕಣಿಯಲ್ಲಿ ಎತ್ತಿಕೊಂಡರು, ಸೊಂಟ ಬಳುಕಿಸಿದರು. ಒಬ್ಬ ಹುಡುಗ ಕಟಿಂಗ್ ಮೇಜು ಬಡಿದ. ಇನ್ನೊಬ್ಬ ಸೀಟಿ ಹೊಡೆದ. ಆಮೇಲೆ ನೋಡುವುದೇನು, ಇಡೀ ಕೋಣೆ ಎದ್ದು ಕುಣಿಯಿತು.

"ಏರ್ತಾ ಉಂಟು, ಏರ್ತಾ ಉಂಟು" ಎಂದಳು ಝೀನತ್. "ಈಗ ಕೂತ್ಕೊಳ್ಳಿ. ಮಾತೂ ಬೇಡ."

ಎಲ್ಲರೂ ಕುಸಿದು ಕುಳಿತರು. ಎದೆಗಳು ಏದುವ ಸದ್ದು, ಪೆಟ್ಟಿಗೆಯ ಸದ್ದು. ಗೆರೆ ಇಳಿಯತೊಡಗಿತೆಂದು ಝೀನತ್ ಪಿಸುಗುಟ್ಟಿದಳು.

ಆಗಲೇ ಬಾಗಿಲು ಬಡಿದ ಸದ್ದಾಯಿತು.

ಬಾಗಿಲು ತೆರೆದರೆ ಹೊರಗಿನ ತೇವ ನುಗ್ಗುತ್ತದೆ, ಗೆರೆ ಹಾಳಾಗುತ್ತದೆ. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮತ್ತೆ ಬಡಿತ, ಈ ಸಲ ಮೆಲ್ಲಗೆ. ಹೊರಗಿನಿಂದ, "ಯಕ್ಕಾರ, ಬಾಗಲಾ ತಗೀರಿ... ದಮ್ ಹತ್ತೇತ್ರಿ" ಎಂಬ ದನಿ.

"ಗುರುಲಿಂಗ" ಎಂದರು ಸಿಪ್ರಿಯನ್. ಗದಗದ ಕಡೆಯವನು, ಮನೆಮನೆಗೆ ಔಷಧಿ ತಲುಪಿಸುವವನು.

ವಾರಿಜ ಯಾರನ್ನೂ ಕೇಳದೆ ಎದ್ದು ಹೋಗಿ ಬಾಗಿಲು ತೆರೆದಳು. ಗುರುಲಿಂಗ ಅವಳ ಮೈಮೇಲೆಯೇ ಬಿದ್ದ. ಇಬ್ಬರು ಹುಡುಗರು ಅವನನ್ನು ಒಳಗೆಳೆದು ಮಲಗಿಸಿದರು. ವಾರಿಜ ತನ್ನ ಮಂಜಿನ ಅಂಗಿ ಕಳಚಿ ಅವನಿಗೆ ಹೊದಿಸಿದಳು.

"ಅಕ್ಕ! ಗೆರೆ ನೆಟ್ಟಗೆ ಮೇಲೆ ಹೋಯ್ತು. ಬಾಗಿಲು ತೆಗೆದ್ರಾ?" ಝೀನತ್ ಕೂಗಿದಳು.

"ಒಬ್ಬ ಬಂದ."

ಝೀನತ್ ಉಸಿರೆಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು. "ಸರಿ" ಎಂದಳು. "ಮೊದಲಿಂದ. ಹೊತ್ತಿಲ್ಲ. ಕುಣೀರಿ!"

ಈ ಸಲ ಯಾರಿಗೂ ನಾಚಿಕೆ ಇರಲಿಲ್ಲ. ಕುಣಿದರು, ಕುಳಿತರು. ಮತ್ತೆ ಎದ್ದರು. ಸಿಪ್ರಿಯನ್ನರ ದನಿ ಒಡೆದುಹೋದಾಗ ಕಲ್ಯಾಣಿ ಗೋಡೆಗೊರಗಿ ಕುಳಿತೇ ತುಳುವಿನಲ್ಲಿ ಹಾಡು ಎತ್ತಿಕೊಂಡಳು. ಗುರುಲಿಂಗ ನಡುವೆ ಕಣ್ಣು ತೆರೆದ. ತಲೆಯ ಮೇಲೆ ಹ್ಯಾಂಗರು ತೂಗುತ್ತಿತ್ತು, ಸುತ್ತ ಬೆವರಿಳಿಯುವ ಜನ ಹುಚ್ಚರಂತೆ ಕುಣಿಯುತ್ತಿದ್ದರು.

"ನಾ ಸತ್ತೇನೇನ್ರಿ?" ಎಂದು ಕೇಳಿದ.

ನಗಬಾರದ ಹೊತ್ತಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಕೂತ್ಕೊಳ್ಳಿ. ಇದೇ ಕೊನೆ" ಎಂದಳು ಝೀನತ್.

ಕುಳಿತರು. ಹನ್ನೆರಡೂವರೆ ಆಯಿತು. ಪೆಟ್ಟಿಗೆಯ ಫ್ಯಾನು ಮೆಲ್ಲಗಾಯಿತು. ಇನ್ನೂ ಮೆಲ್ಲಗಾಯಿತು. ಪಕ್ಕದಲ್ಲಿದ್ದವಳ ಕೈಯನ್ನು ಯಾವಾಗ ಹಿಡಿದುಕೊಂಡೆನೆಂದು ವಾರಿಜಳಿಗೆ ತಿಳಿಯಲೇ ಇಲ್ಲ. ಫ್ಯಾನು ನಿಂತಿತು ಅನ್ನುವಷ್ಟರಲ್ಲಿ ಒಂದು ಸಲ ಕೆಮ್ಮಿದಂತೆ ಮಾಡಿ ಮತ್ತೆ ತಿರುಗತೊಡಗಿತು. ಕೆಂಪು ದೀಪ ಆರಿತು.

"ಬರ್ಕೊಂಡಿತು!" ಝೀನತ್ ಅಳುತ್ತಿದ್ದಳೋ ನಗುತ್ತಿದ್ದಳೋ. "ಸೋರಿಕೆ ಅಳಿಸಿತು. ಒಂದು ಪೆಟ್ಟಿಗೆಯಲ್ಲಿ ಇಷ್ಟು ಜನ ಇರುವ ಮನೆ ಊರಲ್ಲೇ ಬೇರೆ ಇಲ್ಲ, ಆದ್ರಿಂದ ನಿಮ್ಮನ್ನು ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಇಟ್ಟಿದೆ. ಅಕ್ಕ, ನೀವು ಎಷ್ಟು ಜನ ಇದ್ದೀರಿ? ಇದು ಹನ್ನೊಂದೂವರೆ ಅಂತ ತೋರಿಸ್ತಾ ಉಂಟು."

ವಾರಿಜ ಎಣಿಸಿದಳು. "ಹನ್ನೆರಡು."

"ಆ ಅರ್ಧ ಗುರುಲಿಂಗ" ಎಂದರು ಸಿಪ್ರಿಯನ್, ಒಡೆದ ದನಿಯಲ್ಲಿ. "ಅವನ ಬಾಕಿ ಅರ್ಧ ಇನ್ನೂ ದಾರಿಯಲ್ಲಿ ಉಂಟು."

ಸಾಯಂಕಾಲ ಸ್ಥಾವರದ ಬಾಯಿ ತೊಳೆದು ಕರೆಂಟು ಪೂರಾ ಬರುವವರೆಗೂ ಆ ಪೆಟ್ಟಿಗೆ ಓಡಿತು. ವಾರಿಜ ಅದರ ಪಕ್ಕದಲ್ಲೇ ಕುಳಿತು, ತಟ್ಟೆ ತುಂಬಿದಾಗಲೆಲ್ಲ ಕೈಯಿಂದಲೇ ಪಾಳಿ ಬದಲಿಸುತ್ತ ಹೀಟರು ಸುಡದಂತೆ ಕಾದಳು. ಹೊರಡುವಾಗ ಗುರುಲಿಂಗ ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದ.

ಆ ವಾರವೇ ಮಂಡಳಿಯ ಮುಖ್ಯ ಎಂಜಿನಿಯರ್ ಮಾಲಿನಿ ಹೆಗ್ಡೆ ವಾರಿಜಳನ್ನು ಕರೆಸಿದರು. ಝೀನತಳೂ ಅಲ್ಲಿದ್ದಳು. ಹೆಗ್ಡೆ ಗದರಲಿಲ್ಲ.

"ನಿಮ್ಮ ಮನಸ್ಸು ಎಂಥದ್ದು ಅಂತ ನನಗೆ ಗೊತ್ತು ವಾರಿಜಾ. ನೋಟಿಸಿಗೆ ಹೆದರಿದಿರಿ. ಆದರೆ ಅಲ್ಲಿ ಹತ್ತು ಜನ ಬಂದು ಕೂರುತ್ತಾರೆ ಅಂತ ನನಗೆ ಒಂದು ಮಾತು ಗೊತ್ತಾಗಿದ್ದರೆ, ಮಾರ್ಕೆಟಿನ ತಂಪುಕೋಣೆ ಮುಚ್ಚಿದ್ದು ಎಷ್ಟು ದೊಡ್ಡ ತಪ್ಪು ಅಂತ ಅಂದೇ ತಿಳಿಯುತ್ತಿತ್ತು. ನೀವು ಅವರನ್ನು ನಮ್ಮಿಂದ ಮುಚ್ಚಿಟ್ಟಿರಿ. ನಾವು ಅವರನ್ನು ಮರೆತೆವು."

ವಾರಿಜ ತಲೆ ತಗ್ಗಿಸಿದಳು. ಆ ಮಧ್ಯಾಹ್ನ ಫ್ಯಾನು ಮೆಲ್ಲಗಾದ ಸದ್ದು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಟೈಲರ ಮನೆಗೆ ದೊಡ್ಡ ಪೆಟ್ಟಿಗೆ ಬಂತು, ತಂಪುಕೋಣೆ ತೆರೆಯುವವರೆಗೆ ಅದೂ ಒಂದು ತಂಪುಕೋಣೆ ಎಂದಾಯಿತು. ವಾರಿಜಳಿಗೆ ಶಿಕ್ಷೆಯೂ ಆಯಿತು. ಮುಂದಿನ ಬೇಸಗೆಯವರೆಗೆ ಅವಳೊಬ್ಬಳ ಮಾತಿಗೆ ಬೆಲೆಯಿಲ್ಲ. ರಿಪೇರಿಗೆ ಹೋದಲ್ಲೆಲ್ಲ ಕಂಟ್ರೋಲ್ ರೂಮಿನವರೊಬ್ಬರು ಜೊತೆಗಿದ್ದು ಕಣ್ಣಾರೆ ನೋಡಬೇಕು.

"ಯಾರು ಹೋಗ್ತೀರಿ?" ಎಂದು ಹೆಗ್ಡೆ ಕೇಳಿ ಮುಗಿಸುವ ಮೊದಲೇ ಝೀನತ್ ಕೈ ಎತ್ತಿದ್ದಳು.

ಹಾಗೆ ಮಳೆ ಹಿಡಿದ ವಾರ ಝೀನತ್ ಮೊದಲ ಸಲ ವ್ಯಾನಿನಲ್ಲಿ ಕುಳಿತಳು. ಹೋದ ಮನೆಯಲ್ಲೆಲ್ಲ ಅವಳಿಗೆ ಸಡಗರ. ಇಬ್ಬರ ಉಸಿರು ಮೂವರದ್ದಾದ ಮನೆಗೂ ಹೋದರು. ಬಂದದ್ದು ಮಗಳಲ್ಲ, ಜಗಳ ಮಾಡಿಕೊಂಡು ಬಂದ ಭಾವ! ಝೀನತಳ ಮುಖ ನೋಡಿ ವಾರಿಜಳಿಗೆ ನಗು ತಡೆಯಲಾಗಲಿಲ್ಲ. ಬೋಳಾರದಲ್ಲಿ ಕಲ್ಯಾಣಿ, "ನಮ್ಮನ್ನು ಕುಣಿಸಿದವಳು ನೀನಾ? ಇಷ್ಟು ಸಪೂರ ಇದ್ದೀಯಲ್ಲ" ಎಂದು ಅವಳ ಗಲ್ಲ ಹಿಂಡಿ ನಾಲ್ಕು ಬಂಗುಡೆ ಕಟ್ಟಿಕೊಟ್ಟಳು.

ವಾಪಸು ಬರುವಾಗ ಗಾಜಿನ ಮೇಲೆ ಮಳೆ ಸುರಿಯುತ್ತಿತ್ತು. ಝೀನತ್ ಮಡಿಲಲ್ಲಿ ಮೀನಿನ ಕಟ್ಟು ಇಟ್ಟುಕೊಂಡು ಕುಳಿತಿದ್ದಳು.

"ಅಕ್ಕ, ಆ ದಿನ ನಾನೂ ಒಂದು ವಿಷಯ ನಿಮಗೆ ಹೇಳ್ಲಿಲ್ಲ."

"ಎಂತದು?"

"ಗುರುಲಿಂಗ ಬಂದು ಗೆರೆ ಹಾಳಾಯ್ತಲ್ಲ, ಆಗ ನಾನು ಉಮ್ಮನಿಗೆ ಫೋನು ಮಾಡಿದೆ. ನಮ್ಮ ಮನೆಯ ಪಾಲು ನಿಮಗೆ ಬಿಟ್ಟುಕೊಡ್ಲಿಕ್ಕೆ. ಅದು ನಿಮಗೆಲ್ಲ ಸಾಲ್ತಿರ್ಲಿಲ್ಲ. ಆದ್ರೂ ಏನಾದ್ರೂ ಆಗ್ಲಿ ಅಂತ."

ವಾರಿಜಳ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಝೀನತಳ ತಾಯಿಗೆ ಉಬ್ಬಸ. ಮುಚ್ಚುದಿನಗಳಲ್ಲಿ ಅವರು ಪೆಟ್ಟಿಗೆಯ ಬುಡದಲ್ಲೇ ಮಲಗುವವರೆಂದು ಹುಡುಗಿಯೇ ಎಷ್ಟೋ ಸಲ ಹೇಳಿದ್ದಳು.

"ಉಮ್ಮ ಎಂತ ಹೇಳಿದ್ರು?"

"ಯಾರಿಗೆ ಅಂತ ಕೇಳ್ಲಿಲ್ಲ ಅಕ್ಕ. ಎಷ್ಟು ಜನ ಅಂತ ಕೇಳಿದ್ರು. ಹತ್ತು ಹನ್ನೆರಡು ಅಂದೆ. ಹಾಗಾದ್ರೆ ಕೊಡು, ನಾನು ಆಚೆ ಮನೆಗೆ ಹೋಗ್ತೇನೆ ಅಂದ್ರು. ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ರಂತೆ. ಅಷ್ಟರಲ್ಲಿ ನಿಮ್ಮ ಗೆರೆ ಇಳೀತು, ಬೇಡ ಅಂದೆ."

ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು.

"ನಿಮ್ಮ ಮನೆಯ ಪೆಟ್ಟಿಗೆ ಸರ್ವಿಸ್ ಆಗಿ ಎಷ್ಟು ಸಮಯ ಆಯ್ತು?" ಎಂದು ವಾರಿಜ ಕೇಳಿದಳು.

"ನಮ್ಮದಾ? ನೆನಪಿಲ್ಲ. ಫ್ಯಾನು ಸ್ವಲ್ಪ ಸದ್ದು ಮಾಡ್ತದೆ ಅಂತ ಉಮ್ಮ ಹೇಳ್ತಿದ್ರು. ಆದ್ರೆ ಈ ವಾರದ ಮನೆಗಳಲ್ಲಿ ನಮ್ಮ ಮನೆ ಇಲ್ಲ ಅಕ್ಕ."

"ಇಲ್ಲದಿದ್ರೆ ಬೇಡ" ಎಂದು ವಾರಿಜ ವ್ಯಾನನ್ನು ಉಳ್ಳಾಲಕ್ಕೆ ಹೋಗುವ ನೇತ್ರಾವತಿ ಸೇತುವೆಯ ಕಡೆಗೆ ತಿರುಗಿಸಿದಳು. "ಮೀನು ಹಾಳಾಗುವ ಮೊದ್ಲು ಮನೆ ಸೇರಬೇಕಲ್ಲ. ಉಮ್ಮನಿಗೆ ಫೋನು ಮಾಡಿ ಮಸಾಲೆ ಅರೆದಿಡ್ಲಿಕ್ಕೆ ಹೇಳು. ಅದು ಬೇಯುವಷ್ಟರಲ್ಲಿ ನಾನು ನಿಮ್ಮ ಪೆಟ್ಟಿಗೆಯ ತಟ್ಟೆ ತೊಳೆದು ಮುಗಿಸ್ತೇನೆ."